ಅಗ್ರವೇಟ್: ಇದ್ದದ್ದು ಇನ್ನಷ್ಟು ಕೆಟ್ಟರೆ ಕನ್ನಡದಲ್ಲಿ ಏನನ್ನಬೇಕು?

ಕಲಬುರಗಿಯಲ್ಲಿ ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರನ್ನು ಕೇಳಿ ನೋಡಿ. ಇಂಗ್ಲಿಷಿನ 'ಅಗ್ರವೇಟ್' ಅಂದರೆ ಏನು ಅಂತ. ಹೆಚ್ಚಿನವರು 'ಉಲ್ಬಣಗೊಳಿಸು' ಅನ್ನುತ್ತಾರೆ. ನಿಘಂಟು ನೋಡಿದರೂ ಮೊದಲು ಸಿಗುವುದು ಅದೇ. ತಪ್ಪೇನೂ ಅಲ್ಲ. ಆದರೆ ಆ ಒಂದೇ ಪದ ಹಿಡಿದುಕೊಂಡು ಆಸ್ಪತ್ರೆಯ ಡಿಸ್ಚಾರ್ಜ್ ಕಾರ್ಡು, ಕೋರ್ಟಿನ ತೀರ್ಪು, ಸೈನಿಕರ ಪಿಂಚಣಿ ಪತ್ರ, ಬೆಳೆ ಹಾನಿಯ ವರದಿ ಎಲ್ಲವನ್ನೂ ಕನ್ನಡಕ್ಕೆ ತರಲು ಹೋದರೆ ಬೇಗ ಸಿಕ್ಕಿಬೀಳುತ್ತೇವೆ. ಕೆಲವು ಕಡೆ ವಾಕ್ಯ ಬರೀ ಒರಟಾಗುತ್ತದೆ. ಕೆಲವು ಕಡೆ ಅರ್ಥವೇ ಬೇರೆ ಆಗಿಬಿಡುತ್ತದೆ.

ಅಗ್ರವೇಟ್ ಮಾಡುವ ಕೆಲಸವನ್ನು ಕನ್ನಡದಲ್ಲಿ ಏಳೆಂಟು ಪದಗಳು ಹಂಚಿಕೊಂಡಿವೆ. ಕೆಟ್ಟಿರುವುದು ಏನು ಅನ್ನುವುದರ ಮೇಲೆ ಯಾವ ಪದ ಅನ್ನುವುದು ನಿಲ್ಲುತ್ತದೆ. ರೋಗವೇ, ಜಗಳವೇ, ಅಪರಾಧವೇ, ಗಾಯವೇ, ಮನಸ್ಸೇ? ಅದರಲ್ಲೂ ನಮ್ಮ ಕಲಬುರಗಿ, ಬೀದರ್, ಯಾದಗಿರಿ ಕಡೆಯ ಜನ ದಿನವೂ ಆಡುವ ಮಾತಿನಲ್ಲಿ ಈ ಪದಗಳು ಆಗಲೇ ಇವೆ. ಸುಮ್ನೆ ಅವುಗಳನ್ನು ಹಳ್ಳಿ ಮಾತು ಅಂತ ಪಕ್ಕಕ್ಕೆ ಸರಿಸಿದ್ದೇವೆ.

ಮೊದಲು ಇಂಗ್ಲಿಷ್ ಪದವನ್ನೇ ಸರಿಯಾಗಿ ನೋಡೋಣ. ಅದಕ್ಕೆ ಒಂದು ಷರತ್ತಿದೆ. ಕೆಟ್ಟದ್ದು ಮೊದಲೇ ಅಲ್ಲಿ ಇರಬೇಕು. ಗಟ್ಟಿಮುಟ್ಟಾಗಿದ್ದ ಮೊಣಕಾಲಿಗೆ ಪೆಟ್ಟು ಬಿದ್ದರೆ ಅದು ಅಗ್ರವೇಟ್ ಅಲ್ಲ, ಹೊಸ ಗಾಯ. ಮೊದಲೇ ನೋಯುತ್ತಿದ್ದ ಮೊಣಕಾಲಿನಲ್ಲಿ ಮೂರು ಮಹಡಿ ಹತ್ತಿ ಇಳಿದು ನೋವು ಹೆಚ್ಚಾದರೆ ಅದು ಅಗ್ರವೇಟ್. ಹಾಗಾಗಿ 'ಕೆಡಿಸು', 'ಹಾಳು ಮಾಡು' ಎಂಬ ಪದಗಳು ಇಲ್ಲಿ ಹೊಂದುವುದಿಲ್ಲ. ಚೆನ್ನಾಗಿದ್ದುದನ್ನು ಕೆಡಿಸುತ್ತೇವೆ. ಕೆಟ್ಟಿದ್ದುದನ್ನು ಮತ್ತೆ ಕೆಡಿಸುವುದಿಲ್ಲ, ಇನ್ನಷ್ಟು ಹೆಚ್ಚು ಮಾಡುತ್ತೇವೆ.

'ಹದಗೆಡು' ಎಂಬ ಚಂದದ ಪದವೂ ಇದೇ ಕಾರಣಕ್ಕೆ ಹೊರಗೆ ಉಳಿಯುತ್ತದೆ. ಹದ ಅಂದರೆ ಸರಿಯಾದ ಸ್ಥಿತಿ. ಬಿತ್ತನೆಗೆ ಮಣ್ಣಿನ ಹದ, ಅಡುಗೆಗೆ ಪಾಕದ ಹದ. ಹದಗೆಡಬೇಕಾದರೆ ಮೊದಲು ಹದ ಇರಲೇಬೇಕು. ರಸ್ತೆ ಹದಗೆಡುತ್ತದೆ, ಆರೋಗ್ಯ ಹದಗೆಡುತ್ತದೆ, ಊರಿನ ಶಾಂತಿ ಹದಗೆಡುತ್ತದೆ. ಇದು ಇಂಗ್ಲಿಷಿನ 'ಡಿಟೀರಿಯೊರೇಟ್' ಎಂಬ ಪದಕ್ಕೆ ಸರಿಹೊಂದುತ್ತದೆ. ರೋಗ ಹದಗೆಟ್ಟಿತು ಅಂತ ಯಾರೂ ಅನ್ನುವುದಿಲ್ಲ, ರೋಗಕ್ಕೆ ಎಲ್ಲಿಯ ಹದ? ರೋಗಿಯ ಸ್ಥಿತಿ ಹದಗೆಡುತ್ತದೆ, ರೋಗ ಜಾಸ್ತಿ ಆಗುತ್ತದೆ. ಇಷ್ಟು ಸಣ್ಣ ವ್ಯತ್ಯಾಸ ಗೊತ್ತಿದ್ದರೆ ಅನುವಾದದ ಅರ್ಧ ತೊಂದರೆ ಹೋಗುತ್ತದೆ.

ಆ ಷರತ್ತನ್ನು ಕನ್ನಡದ ಗಾದೆಗಳು ಎಷ್ಟು ಚೆನ್ನಾಗಿ ಹಿಡಿದಿವೆ ನೋಡಿ. 'ದುರ್ಭಿಕ್ಷದಲ್ಲಿ ಅಧಿಕ ಮಾಸ'. ಚಾಂದ್ರಮಾನದ ವರ್ಷ ಸೌರವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು. ಆ ಲೆಕ್ಕ ಸರಿ ಮಾಡಲು ಹೆಚ್ಚು ಕಡಿಮೆ 33 ತಿಂಗಳಿಗೊಮ್ಮೆ ಒಂದು ತಿಂಗಳು ಸೇರಿಸುತ್ತಾರೆ. ಮಳೆ ಬಂದ ವರ್ಷ ಅದು ಯಾರಿಗೂ ಭಾರ ಅಲ್ಲ. ಬರ ಬಿದ್ದ ವರ್ಷವೇ ಬಂದರೆ? ಕಣಜದಲ್ಲಿ ಜೋಳ ಮೊದಲೇ ತಳ ಕಂಡಿದೆ, ಅದರಲ್ಲೇ ಇನ್ನೊಂದು ತಿಂಗಳು ತಳ್ಳಬೇಕು. ಬರ ಮೊದಲೇ ಇತ್ತು. ಅಧಿಕ ಮಾಸ ಬರ ತರಲಿಲ್ಲ, ಬರದ ಕಷ್ಟವನ್ನು ಹೆಚ್ಚಿಸಿತು. ಅಗ್ರವೇಟ್ ಪದದ ಪೂರ್ತಿ ಅರ್ಥ ಈ ಎರಡು ಮಾತಿನ ಗಾದೆಯಲ್ಲಿದೆ. 'ಗಾಯದ ಮೇಲೆ ಬರೆ', 'ಉರಿಯುವ ಬೆಂಕಿಗೆ ತುಪ್ಪ' ಇವೂ ಅದೇ ಜಾತಿಯವು. ಗಾಯ ಇದೆ, ಬೆಂಕಿ ಉರಿಯುತ್ತಿದೆ, ಆಮೇಲೆ ಬರೆ ಮತ್ತು ತುಪ್ಪ. ಪತ್ರಿಕೆಯ ಬರಹದಲ್ಲಿ 'ಸಮಸ್ಯೆಯನ್ನು ಉಲ್ಬಣಗೊಳಿಸಿದೆ' ಅಂತ ಬರೆಯುವ ಬದಲು ಹಲವು ಸಲ ಇಂಥ ಒಂದು ಗಾದೆಯೇ ಸಾಕು. ಅದು ಅಲಂಕಾರಕ್ಕೆ ಬರೆದದ್ದಲ್ಲ, ಸರಿಯಾದ ಅನುವಾದವೇ.

ಭಾರದ ಲೆಕ್ಕ

ಅಗ್ರವೇಟ್ ಲ್ಯಾಟಿನ್‌ನಿಂದ ಬಂದ ಪದ. ಅಲ್ಲಿ 'ಗ್ರಾವಿಸ್' ಅಂದರೆ ಭಾರವಾದದ್ದು. ಅಗ್ರವೇಟ್ ಅಂದರೆ ಭಾರ ಹೆಚ್ಚಿಸು. ಬೆನ್ನಿನ ಮೇಲೆ ಆಗಲೇ ಒಂದು ತೊಗರಿ ಚೀಲ ಇರುವವನ ಮೇಲೆ ಇನ್ನೊಂದು ಚೀಲ ಇಡುವ ಹಾಗೆ. ಗ್ರಾವಿಟಿ, ಗ್ರೀಫ್, ಗ್ರೀವಸ್ ಎಲ್ಲವೂ ಅದೇ ಬೇರಿನವು. ಭೂಮಿಯ ಸೆಳೆತ, ಎದೆಯ ದುಃಖ, ಮೈಮೇಲಿನ ದೊಡ್ಡ ಗಾಯ, ಮೂರನ್ನೂ ಆ ಭಾಷೆ ಭಾರ ಅಂತಲೇ ನೋಡಿತು.

ಕನ್ನಡದವರಿಗೆ ಇದು ದೂರದ ಮಾತಲ್ಲ. ಸಂಸ್ಕೃತದ 'ಗುರು' ಮತ್ತು ಲ್ಯಾಟಿನ್‌ನ 'ಗ್ರಾವಿಸ್' ಒಂದೇ ಹಳೆಯ ಮೂಲದಿಂದ ಹುಟ್ಟಿದವು ಎನ್ನುವುದು ಭಾಷಾ ವಿಜ್ಞಾನಿಗಳು ಒಪ್ಪಿದ ವಿಷಯ. ಗುರು ಅಂದರೆ ಪಾಠ ಹೇಳುವವರು ಮಾತ್ರ ಅಲ್ಲ, ಭಾರವಾದದ್ದು ಎಂಬ ಅರ್ಥವೂ ಇದೆ. ಶಾಲೆಯಲ್ಲಿ ಛಂದಸ್ಸು ಓದಿದವರಿಗೆ ನೆನಪಿರುತ್ತದೆ. ಒಂದು ಮಾತ್ರೆಯ ಅಕ್ಷರ ಲಘು, ಎರಡು ಮಾತ್ರೆಯದು ಗುರು. ವಿಜ್ಞಾನದ ಪುಸ್ತಕದಲ್ಲಿ ಗ್ರಾವಿಟಿಗೆ 'ಗುರುತ್ವ' ಎಂದು ಹೆಸರಿಟ್ಟವರು ಸರಿಯಾದ ನಂಟನ್ನೇ ಹಿಡಿದಿದ್ದಾರೆ.

ನನಗೆ ತುಂಬಾ ಇಷ್ಟವಾದ ಸಂಗತಿ ಇನ್ನೊಂದಿದೆ. ಅಗ್ರವೇಟ್‌ಗೆ ಎದುರು ಪದ 'ಅಲೀವಿಯೇಟ್', ಅಂದರೆ ನೋವು, ಕಷ್ಟ ಕಡಿಮೆ ಮಾಡು. ಅದು ಲ್ಯಾಟಿನ್‌ನ 'ಲೆವಿಸ್' ಎಂಬ ಪದದಿಂದ ಬಂದದ್ದು. ಲೆವಿಸ್ ಅಂದರೆ ಹಗುರ. ಅದಕ್ಕೂ ಸಂಸ್ಕೃತದ 'ಲಘು'ವಿಗೂ ಒಂದೇ ಬೇರು. ಅಂದರೆ ಅಗ್ರವೇಟ್ ಮತ್ತು ಅಲೀವಿಯೇಟ್ ಜೋಡಿ ನಮ್ಮ ಗುರು ಮತ್ತು ಲಘು ಜೋಡಿಯೇ! ಪದ ನೆನಪಿಡಲು ಒದ್ದಾಡುವ ವಿದ್ಯಾರ್ಥಿಗಳು ಈ ದಾರಿ ಹಿಡಿದರೆ ಮರೆಯುವುದೇ ಇಲ್ಲ. ಒಂದು ಭಾರ ಮಾಡುತ್ತದೆ, ಇನ್ನೊಂದು ಹಗುರ ಮಾಡುತ್ತದೆ.

'ಎಕ್ಸಾಸರ್ಬೇಟ್' ಕೂಡ ಹೆಚ್ಚು ಕಡಿಮೆ ಇದೇ ಅರ್ಥದ್ದು. ಆದರೆ ಅದರ ಬೇರು ಭಾರ ಅಲ್ಲ, ಕಹಿ ಮತ್ತು ಒಗರು. ಇದ್ದದ್ದನ್ನು ಇನ್ನೂ ಕಟು ಮಾಡು ಎನ್ನುವುದು ಅದರ ಮೂಲ. ವೈದ್ಯರ ಬರಹದಲ್ಲಿ, ಸಂಶೋಧನೆಯಲ್ಲಿ, ಗಂಭೀರ ಲೇಖನಗಳಲ್ಲಿ ಇದು ಜಾಸ್ತಿ. 'ವರ್ಸನ್' ಎನ್ನುವುದು ಇವೆರಡಕ್ಕಿಂತ ಸರಳ, ಮನೆಯ ಮಾತು.

ಇನ್ನು 'ಎಗ್ಜಾಜರೇಟ್' ಬೇರೆಯೇ. ಎಕ್ಸಾಸರ್ಬೇಟ್ ಜೊತೆ ಉಚ್ಚಾರ ಹತ್ತಿರ ಇರುವುದರಿಂದ ಪರೀಕ್ಷೆಯಲ್ಲಿ ಎರಡನ್ನೂ ಕಲಸಿಬಿಡುತ್ತಾರೆ. ಎಗ್ಜಾಜರೇಟ್ ಅಂದರೆ ಇದ್ದದ್ದಕ್ಕಿಂತ ದೊಡ್ಡದಾಗಿ ಹೇಳುವುದು. ಲ್ಯಾಟಿನ್‌ನ ಅದರ ಬೇರಿಗೆ ಗುಡ್ಡೆ ಹಾಕು ಎಂಬ ಅರ್ಥ. ಕನ್ನಡದಲ್ಲಿ ನಾವು ಏನನ್ನುತ್ತೇವೆ? ಕಡ್ಡಿಯನ್ನು ಗುಡ್ಡ ಮಾಡು. ಗುಡ್ಡ ಎರಡೂ ಕಡೆ ಇದೆ. ಕಷ್ಟವನ್ನು ಮಾತಿನಲ್ಲಿ ದೊಡ್ಡದು ಮಾಡಿದರೆ ಎಗ್ಜಾಜರೇಟ್, ನಿಜವಾಗಿಯೂ ದೊಡ್ಡದು ಮಾಡಿದರೆ ಅಗ್ರವೇಟ್.

ನಮ್ಮ ಬಾಯಲ್ಲಿರುವ ಪದಗಳು

'ಬಿಗಡಾಯಿಸು' ನಮ್ಮ ಭಾಗದಲ್ಲಿ ತುಂಬಾ ಸಲೀಸಾಗಿ ಬರುವ ಪದ. ಪರಿಸ್ಥಿತಿ ಬಿಗಡಾಯಿಸಿತು, ಮಾತು ಬಿಗಡಾಯಿಸಿತು, ಅವರಿಬ್ಬರ ಸಂಬಂಧ ಬಿಗಡಾಯಿಸಿತು. ಇದು ಹಿಂದಿ ಉರ್ದುವಿನ 'ಬಿಗಡನಾ', ಮರಾಠಿಯ 'ಬಿಘಡಣೆ' ಕಡೆಯಿಂದ ಬಂದದ್ದು. ಹಾಗೆ ಬಂದ ಕ್ರಿಯಾಪದಗಳಿಗೆ ಕನ್ನಡ 'ಆಯಿಸು' ಎಂಬ ಬಾಲ ಕೂಡಿಸಿ ತನ್ನದು ಮಾಡಿಕೊಂಡಿತು. ನಿಭಾಯಿಸು, ಚಲಾಯಿಸು, ಬದಲಾಯಿಸು, ಜಮಾಯಿಸು ನೆನಪಿಸಿಕೊಳ್ಳಿ. ಇವು ಇಲ್ಲದೆ ಬೆಂಗಳೂರಿನ ಪತ್ರಿಕೆಯೂ ಒಂದು ದಿನ ನಡೆಯುವುದಿಲ್ಲ. ಕಲಬುರಗಿ, ಬೀದರ್, ಯಾದಗಿರಿಯ ನೆಲ 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆಡಳಿತ, ಕೋರ್ಟು, ಕಂದಾಯ ಎಲ್ಲವೂ ಉರ್ದುವಿನಲ್ಲಿ ನಡೆದವು. ಪಕ್ಕದಲ್ಲಿ ಮರಾಠಿ, ಇನ್ನೊಂದು ಪಕ್ಕ ತೆಲುಗು. ಇಂಥ ಕಡೆ ಮಾತು ಬೆರೆಯದೆ ಇರುತ್ತದೆಯೇ? 'ಜಾಸ್ತಿ', 'ಖರಾಬ್', 'ಹಾಲತ್' ಎಲ್ಲ ಹೀಗೇ ಒಳಗೆ ಬಂದವು. 'ಹಾಲತ್ ಭಾಳ ಖರಾಬ್ ಆಗ್ಯಾದ' ಅಂತ ಒಬ್ಬರು ಅಂದರೆ ಎಷ್ಟು ಕೆಟ್ಟಿದೆ ಅನ್ನುವುದು ಕೇಳಿದವರಿಗೆ ತಟ್ಟನೆ ಗೊತ್ತಾಗುತ್ತದೆ. ಇದನ್ನು ಅಶುದ್ಧ ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ಬಿಗಡಾಯಿಸು ಪದಕ್ಕೆ ಅದರದೇ ಗಡಿ ಇದೆ. ಅದು ಪರಿಸ್ಥಿತಿ, ಸಂಬಂಧ, ಮಾತುಕತೆ, ಆರೋಗ್ಯಕ್ಕೆ ಹೊಂದುತ್ತದೆ. ನೋವು ಬಿಗಡಾಯಿಸಿತು ಅನ್ನುವುದಿಲ್ಲ. ಪ್ರವಾಹ ಬಿಗಡಾಯಿಸಿತು ಅಂತಲೂ ಅನ್ನುವುದಿಲ್ಲ. 2020ರ ಅಕ್ಟೋಬರ್‌ನಲ್ಲಿ ಭೀಮಾ ನದಿ ಉಕ್ಕಿ ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿಗಳಿಗೆ ನೀರು ನುಗ್ಗಿತು. ಒಂದು ಕಡೆ ಮಳೆ, ಇನ್ನೊಂದು ಕಡೆ ಮಹಾರಾಷ್ಟ್ರದ ಉಜನಿ ಜಲಾಶಯದಿಂದ ಬಿಟ್ಟ ನೀರು. ಮೇಲಿಂದ ಬಿಟ್ಟ ನೀರು ಪ್ರವಾಹವನ್ನು ಅಗ್ರವೇಟ್ ಮಾಡಿತು ಎಂಬ ಇಂಗ್ಲಿಷ್ ವಾಕ್ಯವನ್ನು ಹೇಗೆ ತರುತ್ತೀರಿ? 'ಉಜನಿಯಿಂದ ನೀರು ಬಿಟ್ಟ ಮೇಲೆ ಪ್ರವಾಹ ಇನ್ನೂ ಏರಿತು' ಅಂದರೆ ಸಾಕು. ಬಿಗಡಾಯಿಸಿದ್ದು ಜನರ ಪರಿಸ್ಥಿತಿ.

ಜಗಳಕ್ಕೆ 'ವಿಕೋಪಕ್ಕೆ ಹೋಗು' ಇದೆ. ಹೊಲದ ಬದುವಿನ ಜಗಳ ಮಾತಿನಲ್ಲಿ ಶುರುವಾಗಿ ಬಡಿಗೆ ಹಿಡಿಯುವವರೆಗೆ ಹೋದರೆ ಅದು ವಿಕೋಪಕ್ಕೆ ಹೋಯಿತು. ಸಮಸ್ಯೆಗೆ, ಕೊರತೆಗೆ 'ತೀವ್ರವಾಗು' ಹೊಂದುತ್ತದೆ. ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿದರೆ ನೀರಿನ ತಾಪತ್ರಯ ತೀವ್ರವಾಗುತ್ತದೆ.

ಉಲ್ಬಣದ ವಿಷಯಕ್ಕೆ ಬರೋಣ. ಇದು ಸಂಸ್ಕೃತದ ಪದ. ಮಿತಿ ಮೀರಿದ್ದು, ಬಲವಾದದ್ದು ಅಂತ ಅರ್ಥ. ಆಯುರ್ವೇದದಲ್ಲಿ ಇದಕ್ಕೆ ಖಚಿತವಾದ ಜಾಗ ಇದೆ. ಸನ್ನಿಪಾತ ಜ್ವರದಲ್ಲಿ ವಾತ, ಪಿತ್ತ, ಕಫ ಎಂಬ ಮೂರೂ ದೋಷಗಳು ಕೆಟ್ಟಿರುತ್ತವೆ. ಅದರಲ್ಲಿ ಯಾವುದು ಮುಂದಾಗಿದೆಯೋ ಅದರ ಹೆಸರು ಸೇರಿಸಿ ವಾತೋಲ್ಬಣ, ಪಿತ್ತೋಲ್ಬಣ ಅನ್ನುತ್ತಾರೆ. ಅಂದರೆ ಅಲ್ಲಿ ಉಲ್ಬಣ ಅನ್ನುವುದು 'ಮೇಲುಗೈ' ಎಂಬ ಅರ್ಥಕ್ಕೆ ಹತ್ತಿರ. ಇಂಗ್ಲಿಷಿನ ಆಯುರ್ವೇದ ಪುಸ್ತಕಗಳಲ್ಲಿ ವಾತ 'ಅಗ್ರವೇಟ್' ಆಗಿದೆ ಅಂತ ಬರೆದಿದ್ದರೆ ಅದರ ಹಿಂದೆ ಸಾಮಾನ್ಯವಾಗಿ ಇರುವ ಮೂಲ ಪದ 'ಪ್ರಕೋಪ'. ಸುಶ್ರುತ ಸಂಹಿತೆ ರೋಗ ಬೆಳೆಯುವ ಆರು ಹಂತ ಹೇಳುತ್ತದೆ: ಸಂಚಯ, ಪ್ರಕೋಪ, ಪ್ರಸರ, ಸ್ಥಾನಸಂಶ್ರಯ, ವ್ಯಕ್ತಿ, ಭೇದ. ಪ್ರಕೋಪ ಎರಡನೆಯದು. ದೋಷ ಮೊದಲು ಕೂಡಿಕೊಳ್ಳುತ್ತದೆ, ಆಮೇಲೆ ಕೆರಳುತ್ತದೆ. ಸಂಸ್ಕೃತದ ಪದ ಇಂಗ್ಲಿಷಿಗೆ ಹೋಗಿ, ಅಲ್ಲಿಂದ ಕನ್ನಡಕ್ಕೆ ಮರಳಿ 'ವಾತ ಉಲ್ಬಣಗೊಂಡಿದೆ' ಅಂತ ಬಂದರೆ ಒಂದು ಪಾರಿಭಾಷಿಕ ಪದದ ಜಾಗದಲ್ಲಿ ಇನ್ನೊಂದು ಕೂತಂತಾಗುತ್ತದೆ. ಆರೋಗ್ಯದ ಬರಹ ಅನುವಾದಿಸುವವರು ಇಲ್ಲಿ ಎಚ್ಚರ ಇಡಬೇಕು. ಮೂಲದಲ್ಲಿ ಪ್ರಕೋಪ ಇದ್ದರೆ ಕನ್ನಡದಲ್ಲೂ ಪ್ರಕೋಪವೇ ಇರಲಿ.

ಡಾಕ್ಟರ ಮುಂದೆ

ರೋಗಿಯನ್ನು ನೋಡುವಾಗ ಡಾಕ್ಟರು ಕೇಳಲೇಬೇಕಾದ ಪ್ರಶ್ನೆಗಳಲ್ಲಿ ಇದೂ ಒಂದು. ನೋವು ಯಾವುದರಿಂದ ಹೆಚ್ಚುತ್ತದೆ, ಯಾವುದರಿಂದ ಕಡಿಮೆ ಆಗುತ್ತದೆ? ವೈದ್ಯಕೀಯ ಪಾಠದಲ್ಲಿ ಇವನ್ನು ಅಗ್ರವೇಟಿಂಗ್ ಮತ್ತು ರಿಲೀವಿಂಗ್ ಫ್ಯಾಕ್ಟರ್ ಅನ್ನುತ್ತಾರೆ. ಕಲಬುರಗಿಯ ಡಾಕ್ಟರು ಅದನ್ನು ಉಲ್ಬಣಕಾರಕ ಅಂಶ ಯಾವುದು ಅಂತ ಕೇಳಿದರೆ ಅಜ್ಜಿ ಮುಖ ನೋಡುತ್ತಾ ಕೂಡುತ್ತಾಳೆ. 'ಏನ್ ಮಾಡಿದ್ರ ಜಾಸ್ತಿ ಆಗ್ತದವ್ವಾ, ಏನ್ ಮಾಡಿದ್ರ ಕಮ್ಮಿ ಆಗ್ತದ?' ಅಂದರೆ ಉತ್ತರ ಕೂಡಲೇ ಬರುತ್ತದೆ. 'ಮಕ್ಕೊಂಡ್ರ ದಮ್ಮು ಜಾಸ್ತಿ ಆಗ್ತದ್ರಿ, ಎದ್ದು ಕುಂತ್ರ ಕಮ್ಮಿ.' ಈ ಒಂದು ಮಾತು ಡಾಕ್ಟರಿಗೆ ಬಹಳ ಸುಳಿವು ಕೊಡುತ್ತದೆ. ಮಲಗಿದಾಗ ಉಸಿರುಕಟ್ಟುವುದು ಹೃದಯದ ತೊಂದರೆಯ ಲಕ್ಷಣವೂ ಆಗಿರಬಹುದು, ಬರೀ ಶ್ವಾಸಕೋಶದ್ದೇ ಅನ್ನಲಾಗದು. ಉಂಡ ಮೇಲೆ ಹೆಚ್ಚುವ ಎದೆ ಉರಿ, ಮೆಟ್ಟಿಲು ಹತ್ತಿದಾಗ ಹೆಚ್ಚುವ ಎದೆ ನೋವು, ಎರಡನ್ನೂ ಬೇರೆ ಮಾಡುವುದರಲ್ಲಿ ಈ ಪ್ರಶ್ನೆಗೆ ದೊಡ್ಡ ಪಾಲಿದೆ. ಹಾಗಾಗಿ ಆಸ್ಪತ್ರೆಯಲ್ಲಿ ಅಗ್ರವೇಟ್ ಪದಕ್ಕೆ ಸರಿಯಾದ ಕನ್ನಡ 'ಜಾಸ್ತಿ ಆಗು' ಎನ್ನುವುದೇ. ಅದು ಸಣ್ಣ ಪದ ಅಲ್ಲ.

ಡಿಸ್ಚಾರ್ಜ್ ಕಾರ್ಡಿನಲ್ಲಿ 'ಅಕ್ಯೂಟ್ ಎಕ್ಸಾಸರ್ಬೇಷನ್' ಅಂತ ಬರೆದಿರುವುದನ್ನು ನೋಡಿ ಮನೆಯವರು ಹೊಸ ರೋಗ ಬಂತು ಅಂತ ಗಾಬರಿ ಆಗುತ್ತಾರೆ. ಹೊಸದಲ್ಲ. ಮೊದಲಿದ್ದ ದಮ್ಮು ಒಮ್ಮೆಲೇ ಜೋರಾಗಿದೆ ಅಂತ ಅರ್ಥ. ನೆಗಡಿಯ ಸೋಂಕು, ಹೊಗೆ, ಧೂಳು ಹೀಗೆ ಮಾಡುತ್ತವೆ. ತೊಗರಿ ರಾಶಿ ಮಾಡುವ ದಿನಗಳಲ್ಲಿ ಹೊಟ್ಟಿನ ಧೂಳು ಎಷ್ಟಿರುತ್ತದೆ ಅಂತ ನಮಗೆ ಹೇಳಬೇಕಿಲ್ಲ. 'ಮರುಕಳಿಸು' ಎಂಬ ಪದವನ್ನು ಇಲ್ಲಿ ಬಳಸಬಾರದು. ವಾಸಿಯಾಗಿ ಹೋದದ್ದು ತಿರುಗಿ ಬಂದರೆ ಮರುಕಳಿಸಿತು. ಹೋಗದೆ ಒಳಗೇ ಇದ್ದದ್ದು ಜೋರಾದರೆ ಉಲ್ಬಣಿಸಿತು. ಇಲ್ಲಿ ಉಲ್ಬಣ ಸರಿಯಾದ ಪದವೇ.

ದೇಶದ ಮೊದಲ ಕೋವಿಡ್ ಸಾವು 2020ರ ಮಾರ್ಚ್‌ನಲ್ಲಿ ದಾಖಲಾದದ್ದು ಕಲಬುರಗಿಯಲ್ಲೇ. ಆಮೇಲಿನ ತಿಂಗಳುಗಳಲ್ಲಿ 'ಕೋವಿಡ್ ಉಲ್ಬಣ' ಎಂಬ ಶೀರ್ಷಿಕೆಗಳು ಬೇಕಾದಷ್ಟು ಬಂದವು. ಕೆಲವು ಕಡೆ ಅದರ ಅರ್ಥ ಸೋಂಕಿತರ ಸಂಖ್ಯೆ ಏರಿತು ಅಂತ. ಕೆಲವು ಕಡೆ ಒಬ್ಬ ರೋಗಿಯ ಕಾಯಿಲೆ ಜೋರಾಯಿತು ಅಂತ. ಓದುವವರಿಗೆ ಎರಡರ ನಡುವೆ ಬಹಳ ಫರಕಿದೆ, ಅಲ್ವಾ? ಸಂಖ್ಯೆಗೆ 'ಏರಿಕೆ', ಕಾಯಿಲೆಗೆ 'ಉಲ್ಬಣ' ಅಂತ ಬೇರೆ ಬೇರೆ ಇಟ್ಟುಕೊಂಡರೆ ಗೊಂದಲ ಇರುವುದಿಲ್ಲ.

ಠಾಣೆ, ಕೋರ್ಟು, ಪಿಂಚಣಿ

ಉಲ್ಬಣ ಪದ ಪೂರ್ತಿ ಎಡವುವ ಜಾಗ ಕಾನೂನು. ಪೋಕ್ಸೊ ಕಾಯ್ದೆ 2012ರಲ್ಲಿ ಬಂದದ್ದು. ಮಕ್ಕಳ ಮೇಲಿನ ಲೈಂಗಿಕ ಹಲ್ಲೆಯನ್ನು ಅದು ಎರಡು ದರ್ಜೆಯಲ್ಲಿ ನೋಡುತ್ತದೆ. ಒಂದು ಲೈಂಗಿಕ ಹಲ್ಲೆ, ಇನ್ನೊಂದು ಅದರ 'ಅಗ್ರವೇಟೆಡ್' ರೂಪ. ಮೊದಲನೆಯದಕ್ಕೆ 3ರಿಂದ 5 ವರ್ಷ ಜೈಲು, ಎರಡನೆಯದಕ್ಕೆ 5ರಿಂದ 7 ವರ್ಷ. ಇದನ್ನು 'ಉಲ್ಬಣಗೊಂಡ ಲೈಂಗಿಕ ಹಲ್ಲೆ' ಅಂತ ಬರೆದರೆ ಓದುವವರಿಗೆ ಏನನ್ನಿಸುತ್ತದೆ? ಹಲ್ಲೆ ಸಣ್ಣದಾಗಿ ಶುರುವಾಗಿ ಹೋಗ್ತಾ ಹೋಗ್ತಾ ಜೋರಾಯಿತು ಅಂತ. ಕಾನೂನು ಹೇಳುವುದು ಅದಲ್ಲ. ಅದೇ ಕೃತ್ಯವನ್ನು ಮಗುವನ್ನು ಕಾಯಬೇಕಾದವರೇ ಮಾಡಿದರೆ, ಅಂದರೆ ಪೊಲೀಸರು, ಶಾಲೆಯ ಅಥವಾ ಆಸ್ಪತ್ರೆಯ ಸಿಬ್ಬಂದಿ, ಮನೆಯ ಸಂಬಂಧಿಕರು ಮಾಡಿದರೆ, ಅಥವಾ ಮಗು 12 ವರ್ಷಕ್ಕಿಂತ ಚಿಕ್ಕದಾಗಿದ್ದರೆ, ಅಪರಾಧದ ತೂಕ ಹೆಚ್ಚು ಅನ್ನುತ್ತದೆ. ಕಾಲ ಕಳೆದಂತೆ ಬೆಳೆದದ್ದಲ್ಲ, ಹುಟ್ಟಿನಿಂದಲೇ ಭಾರವಾದದ್ದು.

ಇದಕ್ಕೆ ಕನ್ನಡದಲ್ಲಿ 'ಗುರುತರ' ಎಂಬ ಪದ ಇದೆ. ಗುರುತರ ಅಂದರೆ ಹೆಚ್ಚು ಭಾರವಾದದ್ದು. ಗುರುತರ ಜವಾಬ್ದಾರಿ, ಗುರುತರ ಆರೋಪ ಅಂತ ನಾವು ಬಳಸುತ್ತಲೇ ಇದ್ದೇವೆ. ಅದರಲ್ಲಿರುವುದು ಅಗ್ರವೇಟ್‌ನ ಒಳಗಿರುವ ಅದೇ ಬೇರು. ಕೋರ್ಟಿನ ಬರಹಕ್ಕೆ ಇದಕ್ಕಿಂತ ಹತ್ತಿರದ ಪದ ನನಗೆ ಕಾಣುವುದಿಲ್ಲ.

ಪೊಲೀಸ್ ಠಾಣೆಯ ಕನ್ನಡ ಇನ್ನೂ ಒಂದು ಹೆಜ್ಜೆ ಮುಂದಿದೆ. ನಮ್ಮ ಕಡೆಯ ದೂರುಗಳಲ್ಲಿ 'ಸಾದಾ ಗಾಯ', 'ಗುಪ್ತಗಾಯ', 'ಭಾರಿ ರಕ್ತಗಾಯ' ಎಂಬ ಮಾತುಗಳು ಮಾಮೂಲು. ಕಾನೂನಿನ ಗ್ರೀವಸ್ ಹರ್ಟ್ ಎಂಬುದೇ ಇಲ್ಲಿನ ಭಾರಿ ಗಾಯ. ಗ್ರೀವಸ್ ಪದದ ಬೇರು ಭಾರ ಅಂತ ಮೇಲೆ ನೋಡಿದೆವಲ್ಲ. ಯಾವ ನಿಘಂಟಿನ ಸಹಾಯವೂ ಇಲ್ಲದೆ ಠಾಣೆಯ ಮಾತು ಅಲ್ಲಿಗೇ ಹೋಗಿ ಮುಟ್ಟಿದೆ. ಇದು ಬರೀ ಮಾತಿನ ವಿಷಯವಲ್ಲ, ಶಿಕ್ಷೆ ಇದರ ಮೇಲೆ ನಿಂತಿದೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಬೇಕೆಂದೇ ಮಾಡಿದ ಸಾದಾ ಗಾಯಕ್ಕೆ 1 ವರ್ಷದವರೆಗೆ ಜೈಲು. ಬೇಕೆಂದೇ ಮಾಡಿದ ಭಾರಿ ಗಾಯಕ್ಕೆ 7 ವರ್ಷದವರೆಗೆ. ಮೂಳೆ ಮುರಿದರೆ, ಹಲ್ಲು ಬಿದ್ದರೆ, ಕಣ್ಣು ಕಿವಿ ಹೋದರೆ ಅದು ಭಾರಿ ಗಾಯ. ಅನುವಾದದಲ್ಲಿ 'ತೀವ್ರ', 'ಭಾರಿ', 'ಉಲ್ಬಣ' ಎಂದು ಮನಸ್ಸಿಗೆ ಬಂದದ್ದು ಬರೆದರೆ ಗಾಯಗೊಂಡವರಿಗೂ ಆರೋಪಿಗೂ ಅನ್ಯಾಯ.

ಕಲಬುರಗಿಗೆ ಹೈಕೋರ್ಟಿನ ಸಂಚಾರಿ ಪೀಠ 2008ರಲ್ಲಿ ಬಂತು, 2013ರಲ್ಲಿ ಅದು ಕಾಯಂ ಆಯಿತು. ಅಲ್ಲಿನ ತೀರ್ಪುಗಳನ್ನು ಕನ್ನಡದಲ್ಲಿ ಓದಿ ತಿಳಿಯಬೇಕು ಅನ್ನುವವರು ಈಗ ಹೆಚ್ಚಿದ್ದಾರೆ. ಕೊಲೆ ಪ್ರಕರಣಗಳ ತೀರ್ಪಿನಲ್ಲಿ ಒಂದು ಜೋಡಿ ಪದ ಮತ್ತೆ ಮತ್ತೆ ಬರುತ್ತದೆ: ಅಗ್ರವೇಟಿಂಗ್ ಮತ್ತು ಮಿಟಿಗೇಟಿಂಗ್ ಸಂದರ್ಭಗಳು. 1980ರ ಬಚನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಮರಣದಂಡನೆಯನ್ನು ಎತ್ತಿಹಿಡಿಯಿತು. ಆದರೆ ಅಪರೂಪದಲ್ಲಿ ಅಪರೂಪದ ಪ್ರಕರಣಕ್ಕೆ ಮಾತ್ರ ಅದು ಇರಲಿ, ಈ ಎರಡೂ ಬಗೆಯ ಸಂದರ್ಭಗಳನ್ನು ತೂಗಿ ನೋಡಬೇಕು ಅಂತ ಹೇಳಿತು. ಕೊಲೆಯ ಕ್ರೌರ್ಯ, ಮೊದಲೇ ಯೋಜನೆ ಮಾಡಿದ್ದು ಒಂದು ತಟ್ಟೆಯಲ್ಲಿ. ಆರೋಪಿಯ ವಯಸ್ಸು, ಮನಸ್ಸಿನ ಸ್ಥಿತಿ, ಸುಧಾರಿಸುವ ಸಾಧ್ಯತೆ ಇನ್ನೊಂದರಲ್ಲಿ. 'ಅಪರಾಧವನ್ನು ಗುರುತರ ಮಾಡುವ ಸಂಗತಿಗಳು, ಶಿಕ್ಷೆಯನ್ನು ತಗ್ಗಿಸಬಲ್ಲ ಸಂಗತಿಗಳು' ಅಂದರೆ ವಕೀಲರಲ್ಲದವರಿಗೂ ತಿಳಿಯುತ್ತದೆ. ಇಲ್ಲಿ 'ಉಲ್ಬಣಗೊಳಿಸುವ ಸಂದರ್ಭ' ಅಂದರೆ ಯಾರಿಗೂ ಏನೂ ಹೊಳೆಯುವುದಿಲ್ಲ.

ಬೀದರ್‌ನಲ್ಲಿ ವಾಯುಪಡೆಯ ನೆಲೆ ಇದೆ. ಈ ಮೂರೂ ಜಿಲ್ಲೆಗಳಿಂದ ಸೇನೆಗೆ ಹೋದವರ ಮನೆಗಳೂ ಇವೆ. ಅವರಿಗೆ ಈ ಪದ ನೇರವಾಗಿ ಹಣದ ಪ್ರಶ್ನೆ. ಸೈನಿಕರ ಅಂಗವೈಕಲ್ಯ ಪಿಂಚಣಿಯ ನಿಯಮದಲ್ಲಿ ಎರಡು ಮಾತಿವೆ. ತೊಂದರೆ ಸೇವೆಯಿಂದಲೇ ಬಂದಿರಬೇಕು, ಇಲ್ಲವೇ ಸೇವೆಯಿಂದ 'ಅಗ್ರವೇಟ್' ಆಗಿರಬೇಕು. ಎರಡನೆಯದನ್ನು ಸರಿಯಾಗಿ ತಿಳಿಯದೆ ಎಷ್ಟೋ ಮನೆಯವರು 'ಬಿಪಿ ಅವರಿಗೆ ಮೊದಲೇ ಇತ್ತು, ಹಾಗಾಗಿ ನಮಗೆ ಸಿಗಲ್ಲ' ಅಂದುಕೊಳ್ಳಬಹುದು. ನಿಯಮ ಹಾಗೆ ಹೇಳುವುದಿಲ್ಲ. ಕಾಯಿಲೆಯ ಮೂಲ ಬೇರೆ ಇದ್ದರೂ, ಕೆಲಸದ ಸ್ಥಿತಿಯಿಂದ ಅದು ಹೆಚ್ಚಾಗಿದೆ ಅಂತ ಒಪ್ಪಿಕೊಂಡರೆ ಅರ್ಹತೆ ಬರುತ್ತದೆ. 2013ರ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸೈನಿಕನ ಪರವಾಗಿ ನಿಂತು, ಸೇರುವಾಗ ಕಾಯಿಲೆ ದಾಖಲಾಗಿರದಿದ್ದರೆ ಆಗ ಅವನು ಆರೋಗ್ಯವಾಗಿದ್ದ ಅಂತಲೇ ತಿಳಿಯಬೇಕು ಎಂದಿತು. ಅರ್ಜಿಯನ್ನು ಕನ್ನಡದಲ್ಲಿ ವಿವರಿಸುವವರು 'ಸೇವೆಯಿಂದ ಬಂದದ್ದು ಅಥವಾ ಮೊದಲೇ ಇದ್ದು ಸೇವೆಯಿಂದ ಹೆಚ್ಚಾದದ್ದು' ಅಂತ ಬಿಡಿಸಿ ಹೇಳಬೇಕು. 'ಮೊದಲೇ ಇದ್ದು' ಎಂಬ ಎರಡು ಪದ ಬಿಟ್ಟರೆ ಅರ್ಥವೇ ಹೋಯಿತು.

ಕನ್ನಡದಲ್ಲಿ ಯೋಚಿಸಿ ಇಂಗ್ಲಿಷ್ ಬರೆದಾಗ

ಅಗ್ರವೇಟ್‌ಗೆ ಯಾವಾಗಲೂ ಒಬ್ಬ ಕರ್ತೃ ಬೇಕು, ಒಂದು ಕರ್ಮ ಬೇಕು. ಯಾವುದೋ ಒಂದು ಇನ್ನೊಂದನ್ನು ಹೆಚ್ಚು ಮಾಡುತ್ತದೆ. ಕನ್ನಡದ ಬಿಗಡಾಯಿಸು, ಉಲ್ಬಣಿಸು ಹಾಗಲ್ಲ. ಕೊನೆಯಲ್ಲಿ 'ಇಸು' ಇದೆ ಅಂತ ಮಾಡು, ಮಾಡಿಸು ತರಹ ಅಂದುಕೊಳ್ಳಬೇಡಿ. ಹೊರಗಿನಿಂದ ಬಂದ ಪದವನ್ನು ಕ್ರಿಯಾಪದ ಮಾಡಲು ಸೇರಿದ 'ಇಸು' ಇದು. ರೋಗ ತಾನೇ ಉಲ್ಬಣಿಸುತ್ತದೆ, ಪರಿಸ್ಥಿತಿ ತಾನೇ ಬಿಗಡಾಯಿಸುತ್ತದೆ.

ಇದರಿಂದ ಎರಡೂ ಕಡೆ ಎಡವುತ್ತೇವೆ. ಕನ್ನಡದಲ್ಲಿ ಯೋಚಿಸಿ ಇಂಗ್ಲಿಷ್ ಬರೆಯುವವರು 'ದಿ ಪ್ರಾಬ್ಲಂ ಅಗ್ರವೇಟೆಡ್' ಅಂತ ಬರೆದುಬಿಡುತ್ತಾರೆ. ಇಂಗ್ಲಿಷಿನಲ್ಲಿ ಅದು ತಪ್ಪು. 'ವಾಸ್ ಅಗ್ರವೇಟೆಡ್' ಅನ್ನಬೇಕು, ಇಲ್ಲದಿದ್ದರೆ ನೇರವಾಗಿ 'ವರ್ಸನ್ಡ್' ಅಂದರೆ ಮುಗಿಯಿತು. ವರ್ಸನ್ ತಾನೇ ಆಗುವುದಕ್ಕೂ ಬರುತ್ತದೆ, ಇನ್ನೊಬ್ಬರು ಮಾಡುವುದಕ್ಕೂ ಬರುತ್ತದೆ. ಇಂಗ್ಲಿಷಿನಿಂದ ಕನ್ನಡಕ್ಕೆ ತರುವವರ ತಪ್ಪು ಇದಕ್ಕೆ ತಿರುಗುಮುರುಗು. ಬೆಳೆ ವರದಿಯೊಂದರಲ್ಲಿ ಏಕಬೆಳೆ ಪದ್ಧತಿ ತೊಗರಿ ಗಿಡ ಒಣಗಿಸುವ ನೆಟೆ ರೋಗವನ್ನು ಅಗ್ರವೇಟ್ ಮಾಡುತ್ತದೆ ಅಂತ ಇದೆ ಅನ್ನೋಣ. 'ಏಕಬೆಳೆ ಪದ್ಧತಿಯು ನೆಟೆ ರೋಗವನ್ನು ಉಲ್ಬಣಗೊಳಿಸುತ್ತದೆ' ಎಂಬ ಅನುವಾದ ವ್ಯಾಕರಣಕ್ಕೆ ಸರಿ. ಆದರೆ ಆಳಂದದ ರೈತರು ಹಾಗೆ ಮಾತಾಡುವುದಿಲ್ಲ. ಕನ್ನಡ ಇಲ್ಲಿ ಕಾರಣವನ್ನು ಮೊದಲು ಹೇಳಿ, ಆಮೇಲೆ ಆಗುವುದನ್ನು ಹೇಳುತ್ತದೆ: 'ವರ್ಷಾ ವರ್ಷಾ ತೊಗರಿ ಮೇಲೆ ತೊಗರಿನೇ ಬಿತ್ತಿದರೆ ನೆಟೆ ರೋಗ ಜಾಸ್ತಿ ಆಗುತ್ತದೆ.' ವಿಷಯವೂ ಇದರಲ್ಲೇ ಹೆಚ್ಚು ಸ್ಪಷ್ಟ. ನೆಟೆ ತರುವ ಶಿಲೀಂಧ್ರ ಮಣ್ಣಿನಲ್ಲಿ, ಹಳೆಯ ಕೂಳೆಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಅದೇ ಹೊಲಕ್ಕೆ ಮತ್ತೆ ತೊಗರಿ ಬಂದರೆ ಅದಕ್ಕೆ ಊಟ ಸಿಕ್ಕಿತು. ಅದಕ್ಕೇ ನಡುವೆ ಜೋಳದಂಥ ಬೇರೆ ಬೆಳೆ ತೆಗೆಯಿರಿ ಅನ್ನುವುದು.

ಉಳಿದದ್ದು ಅಗ್ರವೇಟ್‌ನ ಇನ್ನೊಂದು ಅರ್ಥ: ಸಿಟ್ಟು ಬರಿಸು, ಕಿರಿಕಿರಿ ಮಾಡು. ಇಂಗ್ಲಿಷಿನಲ್ಲಿ ಇದು 17ನೇ ಶತಮಾನದಿಂದಲೂ ಬಳಕೆಯಲ್ಲಿದೆ. ಇದು ಸರಿಯಾದ ಬಳಕೆ ಅಲ್ಲ ಅಂತ ವಾದಿಸುವ ಇಂಗ್ಲಿಷ್ ಪಂಡಿತರು ಇಂದಿಗೂ ಇದ್ದಾರೆ. ಕನ್ನಡಕ್ಕೆ ಆ ಜಗಳವೇ ಇಲ್ಲ. ನಮ್ಮ 'ಕೆರಳು' ಎರಡನ್ನೂ ಹೊತ್ತುಕೊಂಡಿದೆ. ಕೆರೆದರೆ ಹುಣ್ಣು ಕೆರಳುತ್ತದೆ, ಕೆಣಕಿದರೆ ಮನುಷ್ಯ ಕೆರಳುತ್ತಾನೆ. ಕಾದಂಬರಿಯಲ್ಲೋ ಮಾತಿನಲ್ಲೋ ಅಗ್ರವೇಟ್ ಈ ಅರ್ಥದಲ್ಲಿ ಬಂದರೆ ಕೆರಳಿಸು, ಸಿಟ್ಟಿಗೆಬ್ಬಿಸು ಅನ್ನಿ. ಸಣ್ಣ ಮಟ್ಟದ್ದಾದರೆ 'ತಲೆ ತಿನ್ನು' ಸಾಕು. ಪರೀಕ್ಷೆಯ ಇಂಗ್ಲಿಷ್ ಪ್ರಬಂಧದಲ್ಲಿ ಮಾತ್ರ ಈ ಅರ್ಥಕ್ಕೆ ಅಗ್ರವೇಟ್ ಬಳಸದೆ 'ಇರಿಟೇಟ್' ಅಥವಾ 'ಅನಾಯ್' ಬರೆಯಿರಿ. ಉತ್ತರ ಪತ್ರಿಕೆ ತಿದ್ದುವವರು ಆ ಪಂಡಿತರ ಕಡೆಯವರಾಗಿದ್ದರೆ ಅಂಕ ಹೋಗುವುದು ನಿಮ್ಮದು.